ನನ್ನ ಖಾಲಿ ರಾಕೆಟ್ಟನ್ನು ಸಿಡಿಸಿದ ರೋಬೋಟ್ ಅವರಿಗೆ

ಸನ್ಮಾನ್ಯ ಬಾಂಬ್ ದಳದ ರೋಬೋಟ್ ಅವರೇ,

ತಮ್ಮ ಆರು ಚಕ್ರಗಳಿಗೂ ಒಂದೇ ಕೈಗೂ ಓಕ್ಲಹೋಮಾದ ಮುದುಕ ಆರ್ವಿಲ್ ಸ್ಟ್ಯಾಡ್ಲರ್‌ನ ಸವಿನಯ ವಂದನೆಗಳು. ಕಳೆದ ಮಂಗಳವಾರ ತಾವು ನಮ್ಮ ಅಂಗಳಕ್ಕೆ ದಯಮಾಡಿಸಿ, ನನ್ನ ಹೆಂಡತಿ ವೆರ್ನಾಳ ಟೊಮ್ಯಾಟೊ ಪಾತಿಯನ್ನು ತುಳಿದು, ನನ್ನ ರಾಕೆಟ್ಟನ್ನು ಹಸುಗೂಸಿನಂತೆ ಎತ್ತಿಕೊಂಡು ಹೋಗಿ ಹಿಂದಿನ ಹೊಲದಲ್ಲಿ ಮದ್ದಿಟ್ಟು ಸಿಡಿಸಿದಿರಿ. ನಲವತ್ತು ವರ್ಷದಿಂದ ಸೇನೆಯ ಅಭ್ಯಾಸದ ರಾಕೆಟ್ಟು, ಡಮ್ಮಿ ಗುಂಡುಗಳನ್ನು ಕೂಡಿಡುತ್ತಿದ್ದೇನೆ. ನಮ್ಮ ಬೀದಿ ಕೇಳಿದ ಮೊದಲ ಸ್ಫೋಟ ತಮ್ಮದೇ.

ತಪ್ಪು ನನ್ನದೂ ಇದೆ. ನೀಲಿ ಬಣ್ಣವೆಂದರೆ ಅಭ್ಯಾಸದ್ದು, ಮೈಮೇಲೆ ಕೊರೆದ ನಾಲ್ಕು ತೂತೆಂದರೆ ಒಳಗೆ ಮದ್ದಿಲ್ಲ ಎಂಬುದು ನಮ್ಮ ಸಂಗ್ರಾಹಕರಿಗೆಲ್ಲ ಬಾಯಿಪಾಠ. ಆದರೆ ಟಲ್ಸಾ ಊರಿನ ಸಂಗ್ರಾಹಕರ ಮೇಳದಲ್ಲಿ ಡೆಲ್ಬರ್ಟ್ ಎಂಬ ಸಂಗ್ರಾಹಕ "ಏನಯ್ಯಾ, ತೊಟ್ಟಿಲಿಗೆ ಕಟ್ಟೋ ಗಿಲಕಿ ತಂದಿದೀಯಾ?" ಎಂದು ನಕ್ಕಿದ್ದಕ್ಕೆ ಪಿತ್ತ ನೆತ್ತಿಗೇರಿ, ತೂತುಗಳಿಗೆ ಪುಟ್ಟಿ ಮೆತ್ತಿ, ನೀಲಿಯ ಮೇಲೆ ಹಸಿರು ಬಳಿದು, ನಿಜವಾದ ರಾಕೆಟ್ಟಿಗೆ ಹಾಕುವ ಹಳದಿ ಪಟ್ಟಿಯನ್ನೂ ಎಳೆದುಬಿಟ್ಟೆ. "ಬೀದೀಲಿ ಹೋಗೋ ಮಾರೀನ ಮನೆಗೆ ಕರೀತಿದೀರ ಕಣ್ರೀ" ಎಂದಳು ವೆರ್ನಾ. ಹೆಂಡತಿಯ ಮಾತು ಕೇಳುವ ವಯಸ್ಸು ನನಗಿನ್ನೂ ಆಗಿರಲಿಲ್ಲ, ಎಪ್ಪತ್ತೆಂಟಷ್ಟೇ. ಒಣಗಲೆಂದು ಅಂಗಳದಲ್ಲಿಟ್ಟದ್ದನ್ನು ಪಾರ್ಸಲ್ಲಿನವನು ನೋಡಿ ತಮ್ಮವರಿಗೆ ಫೋನ್ ಮಾಡಿದ. "ಅದು ಖಾಲಿ, ಮಗುಚಿ ನೋಡಿ" ಎಂದು ಅಂಗಲಾಚಿದರೆ ತಮ್ಮ ಸಾರ್ಜೆಂಟ್ "ಎಲ್ರೂ ಹಂಗೇ ಅಂತಾರೆ ತಾತ, ಅತ್ಲಾಗ್ ಸರೀರಿ" ಎಂದ.

ಮಗುಚಿದ್ದರೆ ರೆಕ್ಕೆಯ ಕೆಳಗೆ ಅಂಗೈಯಗಲ ನೀಲಿ ಕಾಣುತ್ತಿತ್ತು. ಅಲ್ಲಿ ಮಾತ್ರ ನಾನು ಕುಂಚ ತಾಗಿಸಿರಲಿಲ್ಲ. ಸೇನೆಯ ತರಬೇತಿಯಲ್ಲಿ ಆ ರಾಕೆಟ್ಟನ್ನು ಹೊತ್ತು ಹೊತ್ತು ಬೇಸತ್ತ ನನ್ನಣ್ಣ ಲೈಲ್ ಚಾಕುವಿನಿಂದ ತನ್ನ ಹೆಸರು ಕೆತ್ತಿದ್ದು ಅಲ್ಲೇ. ಯುದ್ಧದಿಂದ ಲೈಲ್ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಗುಜರಿ ಅಂಗಡಿಯಲ್ಲಿ ಈ ರಾಕೆಟ್ಟು ಸಿಕ್ಕಿತು. ಅವನ ಕೈಬರಹವೆಂದು ನಮ್ಮಲ್ಲಿದ್ದದ್ದು ಅದೊಂದೇ. ಹೊಲದಲ್ಲಿ ನಿಂತು ಅತ್ತೆ, ಸ್ವಾಮಿ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಚೂರುಗಳನ್ನು ಮೊದಲಿನಂತೆ ಜೋಡಿಸಿಕೊಡಬೇಕು. ಆಗದಿದ್ದರೆ ಹೆಸರಿರುವ ಆ ತುಂಡನ್ನಾದರೂ ತಮ್ಮವರು ತುಂಬಿಕೊಂಡು ಹೋದ ಸಾಕ್ಷ್ಯದ ಚೀಲದಿಂದ ಎತ್ತಿಕೊಂಡು ಬರಬೇಕು. ಟೊಮ್ಯಾಟೊ ಪಾತಿಯ ಮೇಲೇ ಬನ್ನಿ, ವೆರ್ನಾ ಏನೂ ಅನ್ನುವುದಿಲ್ಲ.

ಮಂಗಳವಾರದಿಂದ ತಮ್ಮ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಆರ್ವಿಲ್ ಸ್ಟ್ಯಾಡ್ಲರ್

ವಿ.ಸೂ.: ವಸ್ತುವಿನಲ್ಲಿ ಸ್ಫೋಟಕವಿರಲಿಲ್ಲವೆಂದು ತಮ್ಮ ದಳದಿಂದ ನಿನ್ನೆ ಪ್ರಮಾಣಪತ್ರ ಬಂತು. ಚೌಕಟ್ಟು ಹಾಕಿಸಿ, ರಾಕೆಟ್ಟಿದ್ದ ಜಾಗದಲ್ಲೇ ತೂಗುಹಾಕಿದ್ದೇನೆ. ಚೌಕಟ್ಟಿಗೆ ನೀಲಿ ಬಳಿದು ನಾಲ್ಕು ತೂತನ್ನೂ ಕೊರೆದಿದ್ದೇನೆ. ತಾವು ಬಂದಾಗ ಅನುಮಾನ ಬೇಡ.