ದಿವಾಳಿಯ ಖರ್ಚು

"ನನ್ನ ಹತ್ತಿರ ಏನೂ ಇಲ್ಲ ಅಂತ ಹೇಳಿಕೊಳ್ಳೋದಕ್ಕೂ ಇಷ್ಟೊಂದು ದುಡ್ಡು ಬೇಕಾ?"

ವಕೀಲರ ಕಚೇರಿಯ ಮೆಟ್ಟಿಲಿಳಿದು ಬೀದಿಗೆ ಬಂದ ಚೌಕಟ್ಟಿನಣ್ಣ ಈ ಮಾತನ್ನು ಯಾರನ್ನೂ ಕೇಳಿದ್ದಲ್ಲ. ಎದುರಿಗೆ ಒಂದು ದೀಪದ ಕಂಬವಿತ್ತು. ಅದು ತನ್ನ ಪಾಡಿಗೆ ತಾನು ನಿಂತಿತ್ತು. ಉತ್ತರ ಕೊಟ್ಟವರು ಬೆನ್ನ ಹಿಂದೆಯೇ ಇಳಿದು ಬರುತ್ತಿದ್ದ ಮೇಷ್ಟ್ರು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಅವರಿಗೆ ಪಾಠ ಹೇಳುವ ಚಟ ಬಿಟ್ಟಿರಲಿಲ್ಲ. ತರಗತಿ ಕೈತಪ್ಪಿದ ಮೇಲೆ ಬೀದಿಯವರ ಕಷ್ಟಗಳನ್ನೇ ತರಗತಿ ಮಾಡಿಕೊಂಡಿದ್ದರು.

"ಬೇಕಪ್ಪ. ಪುಕ್ಕಟೆಯಾದರೆ ಎಲ್ಲರೂ ದಿವಾಳಿ ಆಗಿಬಿಡ್ತಾರೆ. ಅದಕ್ಕೂ ಒಂದು ಯೋಗ್ಯತೆ ಬೇಡವಾ?" ಎಂದರು.

ಪಟಗಳಿಗೆ ಕಟ್ಟು ಹಾಕುವ ಕೆಲಸದಿಂದಲೇ ಅವನಿಗೆ ಚೌಕಟ್ಟಿನಣ್ಣ ಎಂಬ ಹೆಸರು ಬಿದ್ದಿತ್ತು. ಹೋದ ವರ್ಷ ಒಂದು ಶಾಲೆಯವರು ಬಂದು, ನೂರು ವರ್ಷ ತುಂಬಿದ ನೆನಪಿಗೆ ಮಕ್ಕಳ ಗುಂಪುಚಿತ್ರ ತೆಗೆಸುತ್ತೇವೆ, ಮುನ್ನೂರು ಕಟ್ಟು ಬೇಕು ಎಂದಿದ್ದರು. ಚಿತ್ರದ ಉದ್ದ ಮೊಳಕ್ಕಿಂತ ಹೆಚ್ಚು, ಎತ್ತರ ಗೇಣಿಗಿಂತ ಕಡಿಮೆ. ಅವನು ಹಿಗ್ಗಿ ಹೀರೇಕಾಯಿಯಾಗಿ ಮರದ ಸಾಹುಕಾರರಿಂದ ಪಟ್ಟಿಗಳನ್ನು ಸಾಲವಾಗಿ ತಂದ, ಗಾಜಿನ ಅಂಗಡಿಯಿಂದ ಗಾಜು ಸಾಲವಾಗಿ ತಂದ. ಮೂಲೆಗಳನ್ನು ಓರೆಯಾಗಿ ಕತ್ತರಿಸುವ ಯಂತ್ರವನ್ನು ಸಾಲದ ಕಂಪನಿಯ ದುಡ್ಡಿನಲ್ಲಿ ಕೊಂಡ. ಮುನ್ನೂರನೆಯ ಕಟ್ಟಿಗೆ ಮೊಳೆ ಹೊಡೆದ ದಿನ ಶಾಲೆಯವರು ಚಿತ್ರವನ್ನು ಎಲ್ಲರ ಫೋನಿಗೆ ಕಳಿಸಿ ಕೈತೊಳೆದುಕೊಂಡರು. ಆ ಅಳತೆಯ ಕಟ್ಟು ಕನ್ನಡಿಗೂ ಆಗದು, ದೇವರ ಪಟಕ್ಕೂ ಆಗದು. ಈಗ ಅಂಗಡಿಯ ಗೋಡೆ ತುಂಬ ಮುನ್ನೂರು ಖಾಲಿ ಕಟ್ಟುಗಳು. ಒಳಗೆ ಬಂದವರಿಗೆ, ಪಟದೊಳಗಿದ್ದ ಜನರೆಲ್ಲ ಹೇಳದೆ ಕೇಳದೆ ಎದ್ದು ಹೋಗಿದ್ದಾರೆ ಅನ್ನಿಸುತ್ತಿತ್ತು.

ಸಾಹುಕಾರರಿಗೆ ಅರವತ್ತೆರಡು ಸಾವಿರ, ಗಾಜಿನವರಿಗೆ ಇಪ್ಪತ್ತೊಂದು ಸಾವಿರದ ನಾನೂರು, ಕಂಪನಿಗೆ ಹದಿನೇಳು ಸಾವಿರ. ಒಟ್ಟು ಒಂದು ಲಕ್ಷದ ನಾನೂರು. ನಿನ್ನೆ ಸಂಜೆ ಸಾಹುಕಾರರು ಆಳಿನ ಕೈಲಿ ಹೇಳಿ ಕಳಿಸಿದ್ದರು. ಇವತ್ತು ಸಂಜೆಯೊಳಗೆ ದುಡ್ಡು ಬರದಿದ್ದರೆ ನಾಳೆ ಬೆಳಿಗ್ಗೆ ಗಾಡಿ ಬರುತ್ತದೆ, ಯಂತ್ರ ಹೋಗುತ್ತದೆ. ಯಂತ್ರ ಹೋದರೆ ಚೌಕಟ್ಟಿನಣ್ಣ ಒಂದು ಸುತ್ತಿಗೆ ಇರುವ ಮನುಷ್ಯ, ಅಷ್ಟೇ.

ಅದಕ್ಕೇ ಮೇಷ್ಟ್ರು ಬೆಳಿಗ್ಗೆ ಅವನನ್ನು ವಕೀಲರ ಹತ್ತಿರ ಎಳೆದುಕೊಂಡು ಬಂದಿದ್ದು. ಇವತ್ತು ಐದು ಗಂಟೆಯೊಳಗೆ ದಿವಾಳಿ ಅರ್ಜಿಗೆ ಕೋರ್ಟಿನ ಮೊಹರು ಬಿದ್ದರೆ ಕಸುಬಿನ ಸಾಮಾನನ್ನು ಯಾರೂ ಮುಟ್ಟುವಂತಿಲ್ಲ, ಮುಂದೆ ಸಾಲವೂ ಅಳಿಸಿಹೋಗುತ್ತದೆ ಎಂದು ವಕೀಲರು ಹೇಳಿದಾಗ ಚೌಕಟ್ಟಿನಣ್ಣನ ಕಣ್ಣಿನಲ್ಲಿ ದೀಪ ಹತ್ತಿತು. ಆಮೇಲೆ ಅವರು ಒಂದು ಚೀಟಿಯಲ್ಲಿ ಖರ್ಚು ಬರೆಯಲು ಶುರು ಮಾಡಿದರು. ಚೀಟಿ ಹನುಮಂತನ ಬಾಲದ ಹಾಗೆ ಬೆಳೆಯಿತು. ಕೋರ್ಟಿನ ಶುಲ್ಕ ಸಾವಿರದೈನೂರು. ವಕೀಲರಿಗೆ ನಾಲ್ಕು ಸಾವಿರ. ಪತ್ರಿಕೆಯಲ್ಲಿ ಪ್ರಕಟಣೆಗೆ ಒಂಬೈನೂರು. ಪ್ರಮಾಣಪತ್ರ, ಟೈಪಿಂಗು, ಅಂಚೆ, ಸಾಲ ಕೊಟ್ಟ ಒಬ್ಬೊಬ್ಬರಿಗೂ ಅರ್ಜಿಯ ಒಂದೊಂದು ಪ್ರತಿ, ಎಲ್ಲ ಸೇರಿ ಆರುನೂರು. ಇಷ್ಟಲ್ಲದೆ ಮಿತವ್ಯಯದ ಪಾಠಕ್ಕೆ ಒಂದು ಗಂಟೆ ಕೂತು ಸರ್ಟಿಫಿಕೇಟು ತರಬೇಕು, ಅದಕ್ಕೆ ಮುನ್ನೂರು. ಒಟ್ಟು ಏಳು ಸಾವಿರದ ಮುನ್ನೂರು.

ವಕೀಲರ ಪಾಲನ್ನು ಆಮೇಲೆ ಕೊಟ್ಟರಾಗದೇ ಎಂದು ಚೌಕಟ್ಟಿನಣ್ಣ ಕೇಳಿದ್ದ. ವಕೀಲರು ಕನ್ನಡಕದ ಮೇಲಿಂದ ನೋಡಿ, "ದಿವಾಳಿ ಆಗ್ತೀನಿ ಅಂತ ಬಂದವರಿಗೆ ಉದ್ದರಿ ಕೊಟ್ಟರೆ ನಾಳೆ ನಾನೂ ಇದೇ ಅರ್ಜಿ ಬರೀಬೇಕಾಗುತ್ತೆ" ಎಂದಿದ್ದರು.

ಅಂಗಡಿಯ ಹಿಂದಿದ್ದ ಮನೆಗೆ ಬಂದು ಹೇಳಿದಾಗ ಹೆಂಡತಿ ಒಳಗೆ ಹೋದಳು. ಹೊಲಿಗೆ ಯಂತ್ರದ ಡ್ರಾಯರಿನಿಂದ ಮೂರು ಸಾವಿರ ತಂದು ಅವನ ಕೈಲಿಟ್ಟಳು. ಅವನು ನೋಟು ಎಣಿಸತೊಡಗಿದ. ಎಣಿಸಿ ಮುಗಿಸುವ ಮೊದಲೇ ಅವಳು, "ರೀ, ಇದು ಸಾಲ. ಸಾಲ ಕೊಟ್ಟವರ ಪಟ್ಟಿಯಲ್ಲಿ ನನ್ನ ಹೆಸರೂ ಬರಲಿ. ನಂಗೂ ಒಂದು ಪ್ರತಿ ಬರಬೇಕು" ಎಂದಳು. ಮದುವೆಯಾದಂದಿನಿಂದ ಕೊಟ್ಟದ್ದಕ್ಕೆಲ್ಲ ಒಂದು ಕಾಗದವೂ ಸಿಕ್ಕಿರಲಿಲ್ಲವಂತೆ, ಈಗಲಾದರೂ ಕೋರ್ಟಿನ ಮೊಹರು ಇರುವ ಕಾಗದ ಸಿಗಲಿ ಎಂಬುದು ಅವಳ ಆಸೆ.

ಪಕ್ಕದ ಅಂಗಡಿಯ ದರ್ಜಿ ಗೋಡೆಗೆ ಕಿವಿಯಿಟ್ಟೇ ಬಟನ್ನು ಹಾಕುವವನು. ಕರೆಯದೆಯೇ ಬಂದ. ತನ್ನ ಮಾವನ ತಮ್ಮನೂ ಹಿಂದೆ ದಿವಾಳಿಯಾಗಿ ಆಮೇಲೆ ಎಷ್ಟು ದಪ್ಪಗಾದ ಎಂಬುದನ್ನು ವಿವರಿಸಿ, ಮೂರು ಸಾವಿರ ಕೊಟ್ಟ. ಉಳಿದ ಸಾವಿರದ ಮುನ್ನೂರನ್ನು ಮೇಷ್ಟ್ರು ತಮ್ಮ ಪಿಂಚಣಿಯಿಂದ ಎಣಿಸಿದರು. ಎಣಿಸಿಯಾದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಲ ಕೊಟ್ಟವರು ಮೂವರಿದ್ದದ್ದು ಈಗ ಆರು. ಅಂದರೆ ಇನ್ನೂ ಮೂರು ಪ್ರತಿ, ಇನ್ನೂ ಮೂರು ಅಂಚೆ, ಇನ್ನೂ ಮುನ್ನೂರು ಖರ್ಚು.

ಆ ಮುನ್ನೂರನ್ನು ಮೂಲೆಯ ಚಹಾದವನು ಕೊಟ್ಟ. ಕೊಟ್ಟ ತಪ್ಪಿಗೆ ಅವನೂ ಏಳನೆಯವನಾಗಿ ಪಟ್ಟಿ ಸೇರಿದ. ಅವನ ಪ್ರತಿಗೆ ಮತ್ತೆ ನೂರು ಬೇಕಾಯಿತು. ಹೀಗೇ ಹೋದರೆ ಐದು ಗಂಟೆಯೊಳಗೆ ಊರಿಗೆ ಊರೇ ತನಗೆ ಸಾಲ ಕೊಟ್ಟಿರುತ್ತದೆ ಎಂದು ಚೌಕಟ್ಟಿನಣ್ಣನಿಗೆ ತಲೆ ತಿರುಗಿತು. ಮೇಷ್ಟ್ರು ಮಾತ್ರ ಯಾವುದೋ ಒಂದು ಒಳ್ಳೆಯ ಕೆಲಸ ನೆನಪಾದವರಂತೆ, ನೀನು ಪಾಠ ಮುಗಿಸಿಕೊಂಡು ಟೈಪಿಂಗಿನವನ ಹತ್ತಿರ ಹೋಗಿರು, ನಾನು ಬಂದೆ ಎಂದು ಎತ್ತಲೋ ನಡೆದರು.

ಮಿತವ್ಯಯದ ಪಾಠ ಒಂದು ಮಹಡಿಯ ಕೋಣೆಯಲ್ಲಿ. ಬೆಂಚಿನ ಮೇಲೆ ಅವನಂಥವರು ಇನ್ನೂ ನಾಲ್ಕು ಜನ, ಹಲ್ಲುನೋವಿನವರಂತೆ ಕೂತಿದ್ದರು. ಪಾಠದ ಹುಡುಗಿ ಮೊದಲು ಮುನ್ನೂರು ಎಣಿಸಿಕೊಂಡು, ಆಮೇಲೆ ಹಲಗೆಯ ಮೇಲೆ ದಪ್ಪಕ್ಷರದಲ್ಲಿ 'ಖರ್ಚಿಗಾಗಿ ಸಾಲ ಮಾಡಬೇಡಿ' ಎಂದು ಬರೆದಳು. ಇತ್ತೀಚೆಗೆ ಸಾಲ ಮಾಡಿ ಮಾಡಿದ ಒಂದು ಅನಗತ್ಯ ಖರ್ಚನ್ನು ಎಲ್ಲರೂ ಹೇಳಬೇಕು ಎಂದಳು. ಚೌಕಟ್ಟಿನಣ್ಣ ಸುಳ್ಳಾಡುವ ಜಾತಿಯವನಲ್ಲ. ಎದ್ದು ನಿಂತು, ಈ ಪಾಠ ಎಂದ. ಸರ್ಟಿಫಿಕೇಟಿನಲ್ಲಿ ಅವನ ನಡತೆಯನ್ನು ಅವಳು 'ಸಾಧಾರಣ' ಎಂದು ಬರೆದುಕೊಟ್ಟಳು.

ಟೈಪಿಂಗಿನವನ ಅಂಗಡಿ ಕೋರ್ಟಿನ ಕಾಂಪೌಂಡಿಗೇ ಅಂಟಿಕೊಂಡಿತ್ತು. ಮೂರೂವರೆಗೆ ಅರ್ಜಿ ಸಿದ್ಧವಾಯಿತು. ಚಹಾದವನ ಪ್ರತಿಗೆ ನೂರು ಕಡಿಮೆ ಬಿದ್ದಾಗ ಟೈಪಿಂಗಿನವನು ಪರವಾಗಿಲ್ಲ, ನನ್ನ ಬಾಕಿ ಇರಲಿ ಎಂದ. ಎಂದವನು ಒಂದು ಕ್ಷಣ ಯೋಚಿಸಿ, ಪಟ್ಟಿಯ ಕೊನೆಯಲ್ಲಿ ಎಂಟನೆಯದಾಗಿ ತನ್ನ ಹೆಸರನ್ನೇ ಟೈಪು ಮಾಡಿದ. ತನ್ನ ಪ್ರತಿಯನ್ನು ಅಂಚೆಗೆ ಹಾಕುವುದು ಬೇಡ, ಇಲ್ಲೇ ಕೊಟ್ಟುಬಿಡಿ ಎಂದು ಅಷ್ಟರ ಮಟ್ಟಿಗೆ ಉಪಕಾರವನ್ನೂ ಮಾಡಿದ.

ಅಷ್ಟರಲ್ಲಿ ಒಂದು ಗಾಡಿ ಬಂದು ನಿಂತಿತು. ಮುಂದಿನಿಂದ ಮೇಷ್ಟ್ರು ಇಳಿದರು, ಅವರ ಹಿಂದೆ ಸಾಕ್ಷಾತ್ ಮರದ ಸಾಹುಕಾರರು. ಚೌಕಟ್ಟಿನಣ್ಣ ಅರ್ಜಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಸಾಹುಕಾರರು ಜೀವಮಾನದಲ್ಲಿ ಒಂದು ಕಾಸು ಬಿಟ್ಟವರಲ್ಲ. ಪಟ್ಟಿ ಕತ್ತರಿಸಿದಾಗ ಉದುರುವ ಹೊಟ್ಟನ್ನೂ ತೂಗಿ ಮಾರುವವರು.

"ಎಲ್ಲ ಹೇಳಿದೀನಪ್ಪ," ಎಂದರು ಮೇಷ್ಟ್ರು, ಕಣ್ಣೊರೆಸಿಕೊಳ್ಳುತ್ತ. "ನಿನ್ನ ಸಾಲ ಎಷ್ಟು, ಯಾರು ಯಾರಿಗೆ, ಇವತ್ತೇ ಯಾಕೆ ಅರ್ಜಿ ಹಾಕ್ಬೇಕು, ಒಂದೂ ಬಿಡದೆ ಹೇಳಿದೆ. ಸಾಹುಕಾರ್ರು ಎರಡೆರಡು ಸಲ ಕೇಳಿ ಬರ್ಕೊಂಡ್ರು. ಕಲ್ಲು ಕರಗಿತು ನೋಡು."

ಸಾಹುಕಾರರು ಜೇಬಿನಿಂದ ಒಂದು ಕಾಗದ ತೆಗೆದು ಎಲ್ಲರಿಗೂ ಕೇಳುವಂತೆ ಓದಿದರು. ಬಾಕಿಯಲ್ಲಿ ಐನೂರ ಒಂದನ್ನು ತಾವು ಸಂತೋಷದಿಂದ ಬಿಟ್ಟಿರುವುದಾಗಿ ಅದರಲ್ಲಿ ಬರೆದಿತ್ತು. ಕೆಳಗೆ ಸಹಿ, ಅಂಗಡಿಯ ಮೊಹರು. ಕಾಯುತ್ತ ನಿಂತಿದ್ದ ಜನರೆಲ್ಲ ಹತ್ತಿರ ಬಂದರು. ಟೈಪಿಂಗಿನವನು ಎದ್ದು ನಿಂತು ಕೈಮುಗಿದ. ಚೌಕಟ್ಟಿನಣ್ಣ ಸಾಹುಕಾರರ ಕಾಲಿಗೇ ಬಿದ್ದ. ಅವರು ಅವನನ್ನು ಹಿಡಿದೆತ್ತಿ, ಮನುಷ್ಯ ಅಂದಮೇಲೆ ಕೈಲಾದಷ್ಟು ಮಾಡಬೇಕು ಕಣಯ್ಯ ಎಂದು ಗಾಡಿ ಹತ್ತಿ ಹೋದರು.

ಕೋರ್ಟಿಗೆ ಸುಳ್ಳು ಲೆಕ್ಕ ಕೊಡಬಾರದು ಎಂದು ಮೇಷ್ಟ್ರು ಪಟ್ಟು ಹಿಡಿದರು. ಪುಟ ಮತ್ತೆ ಟೈಪಾಯಿತು, ಸಾಹುಕಾರರ ಕಾಗದವೂ ಅರ್ಜಿಗೆ ಲಗತ್ತಾಯಿತು. ಟೈಪಿಂಗಿನವನು ಆ ಖರ್ಚನ್ನೂ ತನ್ನ ಬಾಕಿಗೇ ಸೇರಿಸಿಕೊಂಡ. ವಕೀಲರು ಬೇರೆ ಊರಿನ ಕೋರ್ಟಿಗೆ ಹೋಗಿದ್ದರಿಂದ ಇದನ್ನು ಅವರಿಗೆ ತೋರಿಸುವ ಮಾತೇ ಇರಲಿಲ್ಲ.

ಕೋರ್ಟಿನಲ್ಲಿ ಎರಡು ಕಿಟಕಿ. ಮೊದಲನೆಯದರಲ್ಲಿ ಸಾವಿರದೈನೂರು ಕಟ್ಟಿ ರಸೀದಿ ಪಡೆದು, ಎರಡನೆಯದರಲ್ಲಿ ಅರ್ಜಿ ಕೊಡಬೇಕು. ನಾಲ್ಕೂ ಕಾಲಿಗೆ ಎರಡನೆಯ ಕಿಟಕಿಯ ಗುಮಾಸ್ತ ಅರ್ಜಿಯ ಹಾಳೆ ತಿರುವಿದ. ಮೊಹರನ್ನು ಶಾಯಿಗೆ ಒತ್ತಿದ. ಎತ್ತಿದ. ಗುಮಾಸ್ತ ಮೊಹರನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಪಟ್ಟಿಯ ಮೇಲೆ ಬೆರಳಾಡಿಸಿದ, ಆಮೇಲೆ ಅದನ್ನು ಪೆಟ್ಟಿಗೆಯೊಳಗೆ ಮಲಗಿಸಿದ.

"ಒಟ್ಟು ತೊಂಬತ್ತೊಂಬತ್ತು ಸಾವಿರದ ಎಂಟುನೂರ ತೊಂಬತ್ತೊಂಬತ್ತು. ದಿವಾಳಿ ಆಗೋಕೆ ಕಡಿಮೆ ಅಂದ್ರೂ ಒಂದು ಲಕ್ಷ ಸಾಲ ಇರಬೇಕು. ನೂರೊಂದು ಕಡಿಮೆ ಬಿತ್ತು. ನೀವು ಆಗಂಗಿಲ್ಲ."

ಚೌಕಟ್ಟಿನಣ್ಣ ಕಿಟಕಿಯೊಳಗೆ ಅರ್ಧ ಮೈ ತೂರಿಸಿ, ಹೆಂಡತಿ, ದರ್ಜಿ, ಮೇಷ್ಟ್ರು, ಚಹಾ, ಟೈಪಿಂಗು ಎಲ್ಲರ ಹೆಸರನ್ನೂ ಬೆರಳಿಟ್ಟು ತೋರಿಸಿದ. ಅದೆಲ್ಲ ಸೇರಿಸಿದರೆ ಲಕ್ಷದ ಮೇಲೆ ಏಳೆಂಟು ಸಾವಿರ. ಗುಮಾಸ್ತ ತಾಳ್ಮೆಯಿಂದ ವಿವರಿಸಿದ. ಅರ್ಜಿಯ ದಿನ ಮಾಡಿದ ಸಾಲಕ್ಕೆ ಪ್ರತಿ ಕೊಡಬೇಕು, ಅಂಚೆ ಹಾಕಬೇಕು, ಆದರೆ ಲಕ್ಷದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅದು ಮಾಫಿಯೂ ಆಗುವುದಿಲ್ಲ, ತೀರಿಸಲೇಬೇಕು. ಕಟ್ಟಿದ ಶುಲ್ಕ ವಾಪಸ್ಸು ಬರುವುದಿಲ್ಲ. ಸಾಹುಕಾರರು ಬಿಟ್ಟದ್ದನ್ನು ಐದರೊಳಗೆ ರದ್ದು ಮಾಡಿ ಬರೆದುಕೊಟ್ಟರೆ ಮಾತ್ರ ಮೊಹರು ಬೀಳುತ್ತದೆ.

ಚೌಕಟ್ಟಿನಣ್ಣ ಓಡಿದ. ಮೇಷ್ಟ್ರು ಹಿಂದೆ ಓಡಿ, ಅರ್ಧದಲ್ಲೇ ಒಂದು ಕಟ್ಟೆಯ ಮೇಲೆ ಕೂತರು. ಮರದ ಮಂಡಿಯಲ್ಲಿ ಸಾಹುಕಾರರು ಟೇಪು ಹಿಡಿದು ಹಲಗೆ ಅಳೆಯುತ್ತಿದ್ದರು. ಪಕ್ಕದಲ್ಲಿ ಆಳು ನಾಳೆ ಬೆಳಗಿನ ಕೆಲಸಕ್ಕೆಂದು ಗಾಡಿ ತೊಳೆಯುತ್ತಿದ್ದ.

"ಸಾಹುಕಾರ್ರೇ, ನೀವು ಬಿಟ್ಟ ಐನೂರೊಂದನ್ನ ಮತ್ತೆ ನನ್ನ ತಲೆ ಮೇಲೆ ಹಾಕಿ," ಎಂದ ಚೌಕಟ್ಟಿನಣ್ಣ, ಏದುಸಿರು ಬಿಡುತ್ತ. "ಪೂರ್ತಿ ಬೇಡ. ನೂರೊಂದು ಹಾಕಿದ್ರೂ ಸಾಕು. ನಿಮ್ಮ ದಮ್ಮಯ್ಯ ಅಂತೀನಿ."

ಸಾಹುಕಾರರು ಟೇಪನ್ನು ನಿಧಾನವಾಗಿ ಸುತ್ತಿದರು.

"ನನ್ನ ಹತ್ತಿರ ಮರ ತಗೊಂಡವರಲ್ಲಿ ಏಳು ಜನ ದಿವಾಳಿ ಆಗಿದಾರೆ ಕಣಯ್ಯ. ಏಳು ಸಲವೂ ಕೋರ್ಟಿನ ಕಾಗದ ನಂಗೊಂದು ಪ್ರತಿ ಬಂತು. ಬೇರೆಯವರಾದ್ರೆ ಹರಿದು ಬಿಸಾಕ್ತಾರೆ. ನಾನು ಮೊದಲಿಂದ ಕೊನೇವರೆಗೆ ಓದ್ತೀನಿ. ಅರವತ್ತೆರಡು ಸಾವಿರ ಉಳಿಸ್ಕೊಳ್ಳೋಕೆ ಐನೂರೊಂದು ಖರ್ಚು ಜಾಸ್ತಿ ಏನಲ್ಲ."

ಚೌಕಟ್ಟಿನಣ್ಣ ಎರಡೂ ಕೈ ಜೋಡಿಸಿದ. ಸಾಹುಕಾರರು ಅವನ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟು, ಗೇಟಿನವರೆಗೂ ತಾವೇ ನಡೆಸಿಕೊಂಡು ಬಂದರು.

"ಆಗಲ್ಲ. ಬಿಟ್ಟದ್ದು ಬಿಟ್ಟೆ. ನಿನ್ನಿಂದ ಅದರಲ್ಲಿ ಒಂದು ಕಾಸೂ ವಾಪಸ್ ತಗೊಳ್ಳಲ್ಲ, ಹೋಗು."