ವೆಬ್‌ಸೈಟಿಗೊಂದು ಮುಹೂರ್ತ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಜನರ ಹುಚ್ಚು. ಮನೆಯಲ್ಲಿ ಏನೇ ಆಗಲಿ, ನಾಲ್ಕು ಮಂದಿ ಬಂದು ನೋಡಿ ‘ಛಲೋ ಆತು’ ಎನ್ನಬೇಕು; ಅಲ್ಲಿಯವರೆಗೆ ಅದು ಆಯಿತೆಂದು ನನಗೆ ಅನ್ನಿಸುವುದೇ ಇಲ್ಲ. ಹಿಂದೆ ಮಿಕ್ಸರ್ ತಂದಾಗ ಓಣಿಯವರನ್ನೆಲ್ಲ ಕರೆದು, ಅದಕ್ಕೆ ಕುಂಕುಮ ಹಚ್ಚಿ, ಶೇಂಗಾ ಚಟ್ನಿ ಮಾಡಿ ತೋರಿಸಿದ್ದೆ. ಬಂದವರಿಗೆ ಮಿರ್ಚಿ ಭಜಿ ಕರಿದು ಕರಿದು ನನ್ನ ಹೆಂಡತಿ ಗೌರಿಗೆ ಆ ದಿನ ಮಿಕ್ಸರಿನ ಮುಖ ನೋಡಲೂ ಪುರುಸೊತ್ತಾಗಲಿಲ್ಲ. ಇಂಥ ಮನುಷ್ಯ ವೆಬ್‌ಸೈಟ್ ಮಾಡಿಸಿ ಸುಮ್ಮನೆ ಕೂತಾನೆಯೇ?

ನಮ್ಮದು ರಬಕವಿಯಲ್ಲಿ ಸಣ್ಣ ಸೀರೆ ಅಂಗಡಿ. ಹಿಂದಿನ ಪಡಸಾಲೆಯಲ್ಲಿ ನಾಲ್ಕು ಮಗ್ಗಗಳಿವೆ. ಗೌರಿ ಚೌಕದ ಕಾಗದದ ಮೇಲೆ ತಾನೇ ಬರೆದ ಜೋಳದ ತೆನೆಯ ದಡಿಯನ್ನು, ಎಂದರೆ ಅಂಚನ್ನು, ಆರು ತಿಂಗಳು ತಿದ್ದಿ ತಿದ್ದಿ ಸೀರೆಗೆ ನೇಯಿಸಿದ್ದಳು. ಪೇಟೆಯವರು ‘ಹೊಸಾದು ಯಾರು ಉಡ್ತಾರ’ ಎಂದು ಪಕ್ಕಕ್ಕೆ ಸರಿಸಿದ್ದರು. ಇದೊಂದು ಸಲ ಮಾರಿಹೋಗದಿದ್ದರೆ ಆ ದಡಿ ಬಿಟ್ಟು ಹಳೆಯದನ್ನೇ ನೇಯುವುದೆಂದು ಅವಳೇ ಹೇಳಿಬಿಟ್ಟಿದ್ದಳು. ಆಗ ಧಾರವಾಡದ ಸೀರೆ ಅಂಗಡಿಯ ಮಾಲಕಿಯೊಬ್ಬರು ಫೋನ್ ಮಾಡಿದರು. “ನಿಮ್ಮ ವೆಬ್‌ಸೈಟ್ ಐತೇನ್ರಿ? ಬರೋ ಗುರುವಾರ ಹನ್ನೊಂದೂವರಿಗೆ ಕುಂತು ನೋಡ್ತೀನಿ. ಹನ್ನೆರಡರೊಳಗ ಮದುವಿ ಸೀಸನ್ನಿನ ಆರ್ಡರ್ ಯಾರಿಗಂತ ಹೇಳಿಬಿಡ್ತೀನಿ.” ನಾನು “ಐತ್ರೀ!” ಅಂದೆ. ಇರಲಿಲ್ಲ.

ಮರುದಿನವೇ ಜಮಖಂಡಿಗೆ ಓಡಿದೆ. ಅಲ್ಲಿ ಕಂಪ್ಯೂಟರ್ ಕಲಿಸುವ ಸವಿತಾ ಮೇಡಂ ಇದ್ದಾರೆ. ದಡ್ಡರನ್ನು ಕಂಡರೆ ಅವರಿಗೆ ವಿಶೇಷ ಕರುಣೆ. “ಡೊಮೇನ್ ಅಂದ್ರ ನಿಮ್ಮ ಅಂಗಡಿ ಬೋರ್ಡ್ ರಿ, ಅಣ್ಣಾರ. ಬರೇ ಬೋರ್ಡ್ ಹಾಕಿದ್ರ ಸೀರಿ ಎಲ್ಲಿಡ್ತೀರಿ? ಜಾಗಾ ಬೇಕಲ್ಲ? ಸರ್ವರ್ ಅಂತ ದೊಡ್ಡ ಕಂಪ್ಯೂಟರ್ ಇರ್ತಾವ. ಅದರಾಗ ಜಾಗಾ ಬಾಡಗಿ ತಗೊಳ್ಳೋದಕ್ಕ ಹೋಸ್ಟಿಂಗ್ ಅಂತಾರ” ಎಂದರು. ಬಾಡಿಗೆಯಲ್ಲೂ ತರಹೇವಾರಿ. ಎಲ್ಲಕ್ಕಿಂತ ಅಗ್ಗದ್ದು ‘ಶೇರ್ಡ್’. “ಒಂದ ವಾಡೇದಾಗ ಎಂಟು ಮನಿ, ಎಲ್ಲಾರಿಗೂ ಒಂದ ನಳ ಇದ್ದಂಗ. ದಿನಕ್ಕ ನಾಕ ಮಂದಿ ಬರ್ತಾರಂದ್ರ ಸಾಕು. ಒಮ್ಮೆಲೇ ಗದ್ದಲಾದ್ರ ತಡಕೊಳ್ಳಂಗಿಲ್ಲ. ನಿಮಗ ಎಷ್ಟು ಮಂದಿ ಬರ್ತಾರ್ರಿ?”

ಹುಟ್ಟಿದಾಗಿನಿಂದ ಮಲಗಿದ್ದ ನನ್ನ ವಿನಯ ಆ ಕ್ಷಣದಲ್ಲಿ ಎದ್ದು ಕೂತಿತು. “ನಮ್ಮಂಥಾವ್ರಿಗೆ ಎಲ್ಲೀ ಮಂದಿರಿ! ಹತ್ತೋ ಇಪ್ಪತ್ತೋ” ಎಂದು ಅಗ್ಗದ್ದನ್ನೇ ಹಿಡಿದೆ. ಫೋಟೋಗಳನ್ನು ಸಣ್ಣದು ಮಾಡಿ ಏರಿಸಿ, ಇಲ್ಲದಿದ್ದರೆ ತೆರೆಯಲು ಹೊತ್ತು ಹಿಡಿಯುತ್ತದೆ ಎಂದು ಅವರು ಹೇಳಿದ್ದೂ ನಿಜ. ಆದರೆ ಜರಿಯ ಎಳೆ ಎಳೆ ಕಾಣದಿದ್ದರೆ ಅದೆಂಥ ಸೀರೆ? ಇದ್ದ ಗಾತ್ರದಲ್ಲೇ ಏರಿಸಿದೆ.

ಇನ್ನು ಉಳಿದದ್ದು ಮುಹೂರ್ತ. ಮಾಲಕಿಯವರು ಬಂದಾಗ ಅಂಗಡಿ ಬಣಗುಡುತ್ತಿದ್ದರೆ ಚೆನ್ನಾಗಿರುತ್ತದೆಯೇ? ಜನ ತುಂಬಿದ ಅಂಗಡಿಗೇ ಜನ ನುಗ್ಗುವುದು, ಇದು ಪೇಟೆಯ ಧರ್ಮ. ಬೀಳಗಿಯ ಬೀಗರು, ಮುಧೋಳದ ಬಳಗ, ಜಮಖಂಡಿಯ ಶಾಲೆಯ ಗೆಳೆಯರು, ಹೀಗೆ ಮೊಬೈಲಿನ ಗುಂಪುಗಳಿಗೆಲ್ಲ ಬರೆದೆ: ‘ಗುರುವಾರ ಸರಿಯಾಗಿ ಹನ್ನೊಂದೂವರೆಗೆ ನಮ್ಮ ವೆಬ್‌ಸೈಟಿನ ಶುಭಮುಹೂರ್ತ. ಎಲ್ಲರೂ ಸಹಕುಟುಂಬ ಒಮ್ಮೆಲೇ ಈ ಲಿಂಕ್ ಒತ್ತಬೇಕಾಗಿ ವಿನಂತಿ.’ ಗೌರಿ ಮಾತ್ರ, “ಅದೇನ ಗುಡಿ ಕಳಸ ಏನ್ರಿ, ಕೂಡಿ ಏರಸಾಕ? ಒಬ್ಬೊಬ್ಬರ ಬಂದು ನೋಡ್ಲಿ ಬಿಡ್ರಿ” ಎಂದಳು. ಶುಭ ನುಡಿಯುವ ಹೊತ್ತಿಗೆ ಅಪಸ್ವರ ಬೇಡ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗುರುವಾರ ಬಂತು. ಅಂಗಡಿಯ ಕಂಪ್ಯೂಟರಿನ ಮುಂದೆ ತೆಂಗಿನಕಾಯಿ ಒಡೆದು, ಹನ್ನೊಂದೂವರೆಗೆ ಒತ್ತಿದೆ. ಬಿಳಿ ಹಾಳೆ ಬಂತು. ಅದರ ನಡುವೆ ಒಂದು ಉಂಗುರ ಗಿರಗಿರ ತಿರುಗಿತು. ಆಮೇಲೆ ‘ಸೇವೆ ಲಭ್ಯವಿಲ್ಲ’ ಎಂಬ ಸಾಲು. ನಿಜ ಹೇಳಲೇ? ನನಗೆ ಮೊದಲು ಆದದ್ದು ಆನಂದ! “ಗೌರೀ, ಗದ್ದಲ ಆಗೇತಿ! ನಿಂದರಾಕ ಜಾಗಾ ಇಲ್ಲ!” ಎಂದು ಕುಣಿದೆ. ಅಷ್ಟರಲ್ಲಿ ಮುಧೋಳದ ಸೋದರಮಾವನ ಫೋನ್: “ಏ ಅಳಿಯಾ, ಬರೇ ಗಿರಕಿ ಹೊಡ್ಯಾಕತ್ತೈತಿ, ಸೀರಿ ಎಲ್ಲಿ?” ಅವನ ಹಿಂದೆಯೇ ಗಲಗಲಿಯ ಚಿಗವ್ವ: “ಒತ್ತಿ ಒತ್ತಿ ಬೆರಳ ನೋವಾತೋ ತಮ್ಮಾ!” ಮೂರನೆಯದು ಧಾರವಾಡದಿಂದ: “ನಿಮ್ಮ ಅಂಗಡಿ ಬಾಗ್ಲಾ ಹಾಕೇತಲ್ರಿ. ಹನ್ನೆರಡರ ತನಾ ನೋಡ್ತೀನಿ.” ಗೌರಿ ತೆನೆಯ ದಡಿಯ ಸೀರೆಯನ್ನು ಮಡಿಚತೊಡಗಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ನಾನು ಜಮಖಂಡಿಗೆ ಫೋನ್ ಹಚ್ಚಿದೆ.

ಸವಿತಾ ಮೇಡಂ ಎಲ್ಲ ಕೇಳಿ ತಮ್ಮ ಕಂಪ್ಯೂಟರಿನಲ್ಲಿ ನೋಡಿದರು. “ಅಣ್ಣಾರ, ಯಾರ ಬಂದಾರ ಅಂತ ನನಗಿಲ್ಲಿ ಕಾಣಾಕತ್ತೈತಿ. ಮತ್ತ ಮತ್ತ ಒತ್ತಿದ್ರ ಪ್ರತಿ ಸಲಾನೂ ಹೊಸಬರು ಬಂದಂಗ ಲೆಕ್ಕ. ನಿಮ್ಮ ಮಂದಿನ್ನ ಮೊದಲ ಹೊರಗ ಕಳಸ್ರಿ.” ಕರೆದ ಬೀಗರನ್ನು ಎಲೆಯ ಮುಂದಿನಿಂದ ಎಬ್ಬಿಸಬೇಕೇ? ನಮ್ಮ ಸೀಮೆಯಲ್ಲಿ ಯಾರೂ ಮಾಡದ ಕೆಲಸ! ಆದರೂ ಗಟ್ಟಿ ಮನಸ್ಸು ಮಾಡಿ ಗುಂಪುಗಳಿಗೆ ಬರೆದೆ: ‘ದಯವಿಟ್ಟು ಎಲ್ಲರೂ ಹೊರಗೆ ಹೋಗಿರಿ.’ ಅದನ್ನು ಓದಿದವರೆಲ್ಲ ‘ಯಾಕ, ಏನಾತು?’ ಎಂದು ಮತ್ತೊಮ್ಮೆ ಒಳಗೆ ಬಂದು ನೋಡಿದರು.

ಕೊನೆಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿ ಬೇಡಿಕೊಂಡೆ. ಮಾವ ನಕ್ಕ. ಚಿಗವ್ವ, “ಕರದಾವನೂ ನೀನ, ಕಳಸಾವನೂ ನೀನ!” ಎಂದು ಫೋನ್ ಇಟ್ಟಳು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಸವಿತಾ ಮೇಡಂ ಮತ್ತೆ ಫೋನ್ ಮಾಡಿದರು. “ಮೊಬೈಲಿನವರೆಲ್ಲ ಹೋದ್ರು ರಿ. ಒಬ್ಬರ ಮಾತ್ರ ಬಿಡವಲ್ರು. ಯಾವುದೋ ಕಂಪ್ಯೂಟರಿನಿಂದ ಒಂದ ಸವನ ಒತ್ತಾಕತ್ತಾರ. ಅವರ ಕೈ ತಗದ್ರ ಸೈಟ್ ಎದ್ದು ಕುಂದರತೈತಿ.”

ನನಗೆ ಪಿತ್ತ ನೆತ್ತಿಗೇರಿತು. “ಯಾವನ್ಲೇ ಅಂವ, ಇಷ್ಟು ಹೇಳಿದ್ರೂ ತಿಳಿಯದಾಂವ!” ಎಂದು ಗುಡುಗಿದೆ. ಗೌರಿ ನನ್ನ ಮುಖ ನೋಡಲಿಲ್ಲ. ಎಡಗೈಯ ಫೋನನ್ನೂ ನೋಡಲಿಲ್ಲ. ‘ಈಗ ತೆರೆಯಿತೋ, ಈಗ ತೆರೆಯಿತೋ’ ಎಂದು ಹನ್ನೊಂದೂವರೆಯಿಂದ ಮೌಸಿನ ಮೇಲೆ ತಾನಾಗಿಯೇ ಕುಟ್ಟುತ್ತಿದ್ದ ನನ್ನ ಬಲಗೈಯನ್ನು ನೋಡಿದಳು. ಆಮೇಲೆ ಮೆಲ್ಲಗೆ ಆ ಕೈಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು.

ಹನ್ನೆರಡಕ್ಕೆ ಇನ್ನೂ ಎರಡು ನಿಮಿಷವಿತ್ತು, ಧಾರವಾಡದ ಫೋನ್ ಬಂತು. “ಈಗ ಬಾಗ್ಲಾ ತೆರೀತ್ರಿ. ಆ ತೆನಿ ದಡಿ ಯಾರು ಬರದಾರ್ರಿ? ಅವ್ರಿಗೆ ಕೊಡ್ರಿ ಫೋನ್.” ಕೊಟ್ಟೆ. ಗೌರಿ “ಹೂಂರಿ, ಹೂಂರಿ” ಎನ್ನುತ್ತಾ ಮಡಿಚಿದ ಸೀರೆಯನ್ನು ಮತ್ತೆ ಬಿಚ್ಚಿದಳು. ನಾಲ್ಕೂ ಮಗ್ಗಕ್ಕೆ ಈಗ ಅದೇ ದಡಿ. ನನ್ನ ಸಂತೋಷಕ್ಕಂತೂ ಮೇರೆಯೇ ಇಲ್ಲ; ಓಣಿಯವರನ್ನೆಲ್ಲ ಕರೆದು ತೋರಿಸಬೇಕೆನ್ನಿಸುತ್ತದೆ. ಆದರೆ ಕಂಪ್ಯೂಟರ್ ಮೇಜಿನ ಮೇಲಿದ್ದರೂ ಅದರ ಮೌಸ್ ಗೌರಿಯ ಕಪಾಟಿನಲ್ಲಿದೆ. ನಮ್ಮ ವೆಬ್‌ಸೈಟ್ ಜಗತ್ತಿಗೆಲ್ಲ ಹಗಲಿರುಳು ತೆರೆದಿರುತ್ತದೆ. ನಾನೊಬ್ಬ ಮಾತ್ರ ಅದನ್ನು ನೋಡಲು ಕೀಲಿಕೈ ಕೇಳಬೇಕು.