ಬೇಕರಿಯಲ್ಲಿ ಕಲಿತ ಫ್ರೆಂಚಿನ ಬಗ್ಗೆ ಟೆರೆನ್ಸ್ ಸರ್ ಅವರಿಗೊಂದು ದೂರು

ಮಾನ್ಯರೇ,

ದೋಹಾದ ಮುಐದರ್ ಬಡಾವಣೆಯ ವಿಲ್ಲಾವೊಂದರ ಕೆಳಮನೆಯಿಂದ ತಮ್ಮ ವಿದ್ಯಾರ್ಥಿನಿ ಸ್ವರ್ಣಲತಾ ಮಾಡುವ ಅನೇಕ ನಮಸ್ಕಾರಗಳು, ಜೊತೆಗೆ ತಾವೇ ಕಲಿಸಿದ ಒಂದು ಬೋಂಜೂರ್.

ಮಂಗಳೂರಿನವರೇ ಆದ ತಾವು ದೋಹಾದಲ್ಲಿ ನಡೆಸುವ 'ಸುತ್ತಾಡುತ್ತ ಫ್ರೆಂಚ್' ತರಗತಿಯಲ್ಲಿ ಕನ್ನಡ, ತುಳು ಎರಡಕ್ಕೂ ನಿಷೇಧವಿರುವುದರಿಂದ ಈ ದೂರನ್ನು ಹೀಗೆ ಬಹಿರಂಗವಾಗಿ ಬರೆಯಬೇಕಾಗಿದೆ. ದೂರು ಹೇಳುವಷ್ಟು ಫ್ರೆಂಚನ್ನು ತಾವಿನ್ನೂ ಕಲಿಸಿಲ್ಲ.

ಪುಸ್ತಕ ಮುಚ್ಚಿ ಊರು ಸುತ್ತಿದರೆ ಭಾಷೆ ತಾನಾಗಿ ನಾಲಿಗೆಗೆ ಬರುತ್ತದೆಂಬ ತಮ್ಮ ಮಾತನ್ನು ನಂಬಿ ತಾವು ಕರೆದಲ್ಲಿಗೆಲ್ಲ ನಾನು ಬಂದೆ. ಫ್ರೆಂಚ್ ಬೇಕರಿಯಲ್ಲಿ, ತಾವು ಹೇಳಿಕೊಟ್ಟಂತೆ ಮೂಗಿನಿಂದಲೇ ಬ್ರೆಡ್ ಕೇಳಿದಾಗ, ಕೌಂಟರಿನಲ್ಲಿದ್ದ ಕಣ್ಣೂರಿನವರು "ಚೇಚೀ, ಚೂಡುಳ್ಳದ್ ತರಾಂ" ಎಂದು ಬಿಸಿಯದನ್ನೇ ಕಟ್ಟಿಕೊಟ್ಟರು. ಮ್ಯೂಸಿಯಮ್ಮಿನಲ್ಲಿ ಚಿತ್ರ ಬಹಳ ಸುಂದರವಾಗಿದೆ ಎಂದು ಫ್ರೆಂಚಿನಲ್ಲಿ ಉದ್ಗರಿಸಿದಾಗ ಕಾವಲಿನವರು "ಮೇಡಂ, ಥೋಡಾ ಪೀಛೇ" ಎಂದು ಹಿಂದೆ ಸರಿಸಿದರು. ಹೀಗೆ ತಮ್ಮ ಕೃಪೆಯಿಂದ ನನ್ನ ಮಲಯಾಳವೂ ಹಿಂದಿಯೂ ಬಹಳ ಸುಧಾರಿಸಿರುವುದಕ್ಕೆ ನಾನು ಚಿರಋಣಿ.

ಈ ವಯಸ್ಸಿನಲ್ಲಿ ಫ್ರೆಂಚ್ ಏಕೆಂದು ತಾವು ಕೇಳಿದಾಗ ನಾನು ನಕ್ಕು ಮಾತು ತೇಲಿಸಿದ್ದೆ. ಕಾರಣ ಇದು: ನಮ್ಮ ಮೇಲಿನ ಮನೆಗೆ ಟುನೀಸಿಯಾದಿಂದ ಲಮಿಯಾ ಎಂಬ ಹಿರಿಯ ಮಹಿಳೆ ಮಗನ ಜೊತೆ ಇರಲು ಬಂದಿದ್ದಾರೆ. ಅವರಿಗೆ ಅರಬ್ಬಿ, ಫ್ರೆಂಚ್ ಬಿಟ್ಟು ಬೇರೆ ಬಾರದು. ನನ್ನ ಅರಬ್ಬಿಯೋ ಯಲ್ಲಾ, ಖಲಾಸ್, ಮಾಫಿ ಎಂಬಲ್ಲಿಗೆ ಮುಗಿಯುತ್ತದೆ; ಮೆಟ್ಟಿಲಲ್ಲಿ ಒಬ್ಬರೇ ಕೂತಿರುವವರಿಗೆ 'ನಡಿ', 'ಮುಗೀತು', 'ಇಲ್ಲ' ಇವುಗಳಲ್ಲಿ ಯಾವುದನ್ನು ಹೇಳುವುದು? ಅರಬ್ಬಿಯನ್ನೇ ಕಲಿಯಬಾರದಿತ್ತೇ ಎಂದು ನಮ್ಮವರು ಕೇಳಿದರು. ಆ ತರಗತಿಯಲ್ಲಿ ಬೇಕರಿ ಇರಲಿಲ್ಲ.

ಕಳೆದ ವಾರ ಮಧ್ಯಾಹ್ನ ಗಾಳಿಗೆ ಅವರ ಬಾಗಿಲು ಹಾಕಿಕೊಂಡಿತು. ಕೀಲಿಯೂ ಫೋನೂ ಒಳಗೆ, ಮಗ ಲುಸೈಲಿನ ಆಫೀಸಿನಲ್ಲಿ. ಮೆಟ್ಟಿಲಲ್ಲಿ ಕೂತು ಅಳುತ್ತಿದ್ದ ಅವರಿಗೆ ಸಮಾಧಾನ ಹೇಳಲು ಬಾಯಿ ತೆರೆದರೆ, ತಮ್ಮ ಪ್ರವಾಸಗಳ ಪುಣ್ಯದಿಂದ ಹೊರಬಂದದ್ದು "ಊ ಎ ಲಾ ಸೋರ್ತಿ?", ಅಂದರೆ, ಹೊರಗೆ ಹೋಗುವ ದಾರಿ ಎಲ್ಲಿ? ಹೊರಗೇ ಸಿಕ್ಕಿಬಿದ್ದಿದ್ದ ಆ ತಾಯಿ ನನ್ನನ್ನು ದಿಟ್ಟಿಸಿ ನೋಡಿ, ಅಳುವಿನ ನಡುವೆಯೇ ನಗತೊಡಗಿದರು. ಕೈಹಿಡಿದು ಕೆಳಗೆ ಕರೆತಂದು ಮಜ್ಜಿಗೆ ಕೊಟ್ಟೆ.

ಆಮೇಲೆ ಅವರು ಮತ್ತೆ ಮತ್ತೆ "ಮೋಂ ಮರಿ" ಎಂದರು. ಮರಿಯೆಂದರೆ ಮಗುವೆಂದುಕೊಂಡು ನನ್ನ ಎದೆ ಒಡೆಯಿತು. ಅವರು ಬೆರಳಿನ ಉಂಗುರ ಮುಟ್ಟಿ ತೋರಿಸಿ ಆಕಾಶದತ್ತ ಕೈಯೆತ್ತಿದಾಗಲೇ ತಿಳಿಯಿತು, ತೀರಿಕೊಂಡ ಗಂಡ. ಸರ್, ತಮ್ಮ ಭಾಷೆಯಲ್ಲಿ ಗಂಡನಿಗೆ ಮರಿ ಎನ್ನುತ್ತಾರೆಂದು ತಾವು ಒಮ್ಮೆಯಾದರೂ ಹೇಳಬಾರದಿತ್ತೇ? ಮಗ ಬರುವವರೆಗೆ ಅವರ ಕೈ ಹಿಡಿದು ಕೂತಿದ್ದೆ. ಈಗ ಅವರು ದಿನವೂ ಇಳಿದು ಬರುತ್ತಾರೆ. ನನ್ನ ತಪ್ಪು ತಿದ್ದುತ್ತಾರೆ, ನೀರುದೋಸೆ ಮುಂದಿಟ್ಟರೆ ತುಳುವಿನಲ್ಲೇ "ಯಾವು", ಸಾಕು, ಎನ್ನುತ್ತಾರೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಫ್ರೆಂಚಿನಲ್ಲಿ ಬರೆದರೂ ಉಚ್ಚರಿಸದ ಅಕ್ಷರಗಳನ್ನೆಲ್ಲ ಫ್ರಾನ್ಸಿಗೆ ವಾಪಸು ಕಳುಹಿಸಬೇಕು, ಮತ್ತು ಮುಂದಿನ ಪ್ರವಾಸವನ್ನು ಅಳುವವರೊಬ್ಬರ ಮನೆಗೆ ಇಟ್ಟುಕೊಂಡು, ಅಲ್ಲಿ ಏನು ಹೇಳಬೇಕೆಂಬುದನ್ನೂ ಕಲಿಸಬೇಕು.

ಇಂತು, ಮೂಗಿನ ಸ್ವರ ಇನ್ನೂ ಒಲಿಯದ,
ತಮ್ಮ ವಿಶ್ವಾಸಿ,
ಸ್ವರ್ಣಲತಾ

ತಾ.ಕ.: ತಾವು ಕಳುಹಿಸಿದ ಫ್ರೆಂಚ್ ಉಚ್ಚಾರಣೆಯ ವಾಯ್ಸ್ ಮೆಸೇಜನ್ನು ಲಮಿಯಾ ಅವರಿಗೆ ಕೇಳಿಸಿದೆ. ಬಹಳ ಗಮನವಿಟ್ಟು ಕೇಳಿದ ಅವರು ದನಿ ಚೆನ್ನಾಗಿದೆಯೆಂದರು. ಇದು ನಿಮ್ಮೂರಿನ ಭಾಷೆಯೇ ಎಂದೂ ನನ್ನನ್ನು ವಿಚಾರಿಸಿದರು.